ಮೀಸಲು ಪಡೆ ಮತ್ತು ಆಪದ್ಧರ್ಮ

ವರ್ಷದ ಬಹುಪಾಲು ದಿನ ಹೊಲ, ಅಂಗಡಿ, ಗ್ಯಾರೇಜು, ಕಚೇರಿಗಳಲ್ಲಿ ತಮ್ಮ ಪಾಡಿಗೆ ದುಡಿಯುತ್ತಿದ್ದು, ಕರೆ ಬಂದಾಗ ಸಮವಸ್ತ್ರ ತೊಟ್ಟು ಹೊರಡುವವರ ಪಡೆಯೇ ಮೀಸಲು ಪಡೆ. ಯುದ್ಧಕ್ಕೆಂದು ಹುಟ್ಟಿದ ಈ ಏರ್ಪಾಟು ಇಂದು ಹೆಚ್ಚಾಗಿ ಒದಗುವುದು ನೆರೆ, ಬೆಂಕಿ, ಕಟ್ಟಡ ಕುಸಿತ, ಜಾತ್ರೆಯ ನೂಕುನುಗ್ಗಲಿನಂಥ ನಾಡಿನೊಳಗಿನ ಆಪತ್ತುಗಳಿಗೆ. ಅದನ್ನು ಬಲಪಡಿಸಬೇಕೆಂಬ ಮಾತು ಬಂದಾಗಲೆಲ್ಲ ಚರ್ಚೆ ದೋಣಿ, ಹಗ್ಗ, ತರಬೇತಿ, ಭತ್ಯೆಗಳ ಸುತ್ತಲೇ ನಡೆಯುತ್ತದೆ. ಅವೆಲ್ಲ ಬೇಕಾದವೇ. ಆದರೆ ಅವಕ್ಕಿಂತ ಹಳೆಯ ಪ್ರಶ್ನೆಗಳು ಕೆಲವಿವೆ. ಮುಳುಗುತ್ತಿರುವವನನ್ನು ಎತ್ತುವುದು ಯಾರ ಹೊಣೆ? ಹಣ ಪಡೆದು ಮಾಡಿದ ರಕ್ಷಣೆ ಸೇವೆಯಾಗುತ್ತದೆಯೇ? ಆಯುಧ ಹಿಡಿಯಲು ಕಲಿತ ಕೈಗೆ ಊರೊಳಗೆ ಎಷ್ಟು ಅಧಿಕಾರ ಕೊಡಬಹುದು? ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳು, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ಪ್ರಶ್ನೆಗಳನ್ನು ಹತ್ತಿರದಿಂದ ನೋಡಲು ತಕ್ಕ ನೆಲ. ಅಲ್ಲಿ ಸೇನೆಯ ದೊಡ್ಡ ನೆಲೆಯಿಲ್ಲ. ಆಪತ್ತು ಬಂದಾಗ ಮೊದಲು ಓಡಿಬರುವವನು ಪಕ್ಕದ ಬೀದಿಯ ಹೋಂಗಾರ್ಡ್.

ಭಾರತದಲ್ಲಿ ಮೀಸಲು ಸೇವೆಗೆ ಮುಖ್ಯವಾಗಿ ಎರಡು ರೂಪಗಳಿವೆ. ಒಂದು ಪ್ರಾದೇಶಿಕ ಸೇನೆ, ಎಂದರೆ ಟೆರಿಟೋರಿಯಲ್ ಆರ್ಮಿ. 1948ರ ಕಾಯ್ದೆಯಡಿ ರಚನೆಯಾದ ಇದನ್ನು 1949ರ ಅಕ್ಟೋಬರ್ 9ರಂದು ಸಿ. ರಾಜಗೋಪಾಲಾಚಾರಿ ಉದ್ಘಾಟಿಸಿದರು. ಬೇರೆ ಉದ್ಯೋಗದಲ್ಲಿರುವ ನಾಗರಿಕರು ಇದರಲ್ಲಿ ಸೈನಿಕರಾಗಿ ತರಬೇತಿ ಪಡೆಯುತ್ತಾರೆ. ಇನ್ನೊಂದು ಗೃಹರಕ್ಷಕ ದಳ, ಎಂದರೆ ಹೋಂಗಾರ್ಡ್. 1946ರ ಡಿಸೆಂಬರ್‌ನಲ್ಲಿ ಮುಂಬಯಿಯ ಗಲಭೆಗಳ ನಡುವೆ ಪೊಲೀಸರಿಗೆ ನೆರವಾಗಲು ಹುಟ್ಟಿದ ಈ ಸ್ವಯಂಸೇವಕ ಪಡೆಯನ್ನು 1962ರ ಚೀನಾ ಯುದ್ಧದ ಬಳಿಕ ದೇಶದೆಲ್ಲೆಡೆ ಒಂದೇ ಮಾದರಿಯಲ್ಲಿ ಕಟ್ಟಲಾಯಿತು. ಕರ್ನಾಟಕದ ಗೃಹರಕ್ಷಕರ ಕಾಯ್ದೆಯೂ 1962ರದ್ದೇ. ಮೊದಲನೆಯದು ನಿಜವಾದ ಅರ್ಥದಲ್ಲಿ ಸೈನ್ಯ. ಎರಡನೆಯದು ಸೈನ್ಯದ ಶಿಸ್ತನ್ನು ಎರವಲು ಪಡೆದ ನಾಗರಿಕ ಪಡೆ. ನಾಲ್ಕು ತಾಲ್ಲೂಕುಗಳ ಜನ ದಿನವೂ ಕಾಣುವುದು ಎರಡನೆಯದನ್ನೇ: ಚುನಾವಣೆಯ ಮತಗಟ್ಟೆಯಲ್ಲಿ, ಸಂಚಾರ ನಿಯಂತ್ರಣದಲ್ಲಿ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯ ಬಂದೋಬಸ್ತಿನಲ್ಲಿ, ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನದ ಸಾಲಿನ ಬದಿಯಲ್ಲಿ. ಈ ದಳದ ಧ್ಯೇಯವಾಕ್ಯ ‘ನಿಷ್ಕಾಮ ಸೇವೆ’. ಭಗವದ್ಗೀತೆಯ ನಡುಮಧ್ಯದ ತತ್ತ್ವವೊಂದನ್ನು ತನ್ನ ಲಾಂಛನದಲ್ಲಿ ಹೊತ್ತ ಪಡೆಯ ವಿಚಾರ ಬರಿಯ ಆಡಳಿತದ ವಿಚಾರವಾಗಿ ಮುಗಿಯಲಾರದು.

ಕರೆದಾಗ ಬರುವ ಕಾವಲುಗಾರನ ಪದ್ಧತಿ ಈ ಸೀಮೆಗೆ ಹೊಸದಲ್ಲ. ಮಧುಗಿರಿ, ಚನ್ನರಾಯನದುರ್ಗ, ಪಾವಗಡ, ನಿಡಗಲ್ಲುಗಳ ಬೆಟ್ಟದ ಕೋಟೆಗಳನ್ನು ಕಾಯ್ದವರಲ್ಲಿ ಎಲ್ಲರೂ ಪೂರ್ಣಾವಧಿಯ ಸೈನಿಕರಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಂದಾಚಾರ ಎಂಬ ಹೆಸರಿನ ದಳವಿತ್ತು. ಇಂದು ಮೂಢ ಆಚರಣೆಗೆ ಬಳಸುವ ಪದವೆಂದು ಇಲ್ಲಿ ತಿಳಿಯಬಾರದು. ಕಂದಾಚಾರದ ಆಳು ಊರಲ್ಲೇ ಇದ್ದು ಬೇಸಾಯ ಮಾಡುತ್ತಿದ್ದ, ಸ್ವಲ್ಪ ನಗದು ಸ್ವಲ್ಪ ಜಮೀನು ಅನುಭವಿಸುತ್ತಿದ್ದ, ಕರೆ ಬಂದರೆ ದಂಡಿಗೆ ಹೋಗುತ್ತಿದ್ದ. 1799ರ ನಂತರ ದಿವಾನ್ ಪೂರ್ಣಯ್ಯ ಈ ದಳವನ್ನು ಮತ್ತೆ ಕ್ರಮಕ್ಕೆ ತಂದು ಕೋಟೆ ಕಾವಲಿಗೂ ಪೊಲೀಸ್ ಕೆಲಸಕ್ಕೂ ಬಳಸಿದರು. ಅದಕ್ಕೂ ಹಿಂದಿನ ಶಾಸನಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ತುರುಗೋಳಿನಲ್ಲಿ, ಎಂದರೆ ದನ ಕದ್ದೊಯ್ಯುವವರೊಡನೆ ನಡೆದ ಕಾದಾಟದಲ್ಲಿ, ಮಡಿದವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಕೆರೆ ಕಟ್ಟಿಸಿದವನಿಗೆ, ಅದರ ಏರಿ ತೂಬುಗಳನ್ನು ನೋಡಿಕೊಂಡವನಿಗೆ ಕೊಟ್ಟ ಭೂಮಿ ಕೆರೆಗೊಡಗೆ. ಕತ್ತಿ ಹಿಡಿದು ಕಾಯ್ದವನಿಗೂ ಗುದ್ದಲಿ ಹಿಡಿದು ಕಾಯ್ದವನಿಗೂ ಊರು ಒಂದೇ ಬಗೆಯ ಮನ್ನಣೆ ಕೊಟ್ಟಿತ್ತು. ಊರನ್ನು ಕಾಯುವುದೆಂದರೆ ಶತ್ರುವಿನಿಂದ ಕಾಯುವುದಷ್ಟೇ ಎಂಬ ಎಣಿಕೆ ಈ ನೆಲದ ಹಳೆಯ ತಿಳಿವಳಿಕೆಯಲ್ಲಿ ಇರಲಿಲ್ಲ.

ಆದರೆ ಆ ವ್ಯವಸ್ಥೆಯನ್ನು ಹಾಗೇ ಹೊಗಳಿ ಮುಂದೆ ಹೋಗುವುದು ಅನ್ಯಾಯ. ಊರಿನ ತಳವಾರ, ತೋಟಿ, ಕೆರೆಯ ನೀರು ನೋಡಿಕೊಳ್ಳುವ ನೀರಗಂಟಿಗಳ ಕೆಲಸ ಹುಟ್ಟಿನಿಂದ ಅಂಟಿದ್ದಾಗಿತ್ತು. ಮಳೆಗಾಲದ ರಾತ್ರಿ ಕೆರೆ ಏರಿಯ ಮೇಲೆ ನಿಲ್ಲಬೇಕಾದವನು ಯಾವ ಕೇರಿಯಲ್ಲಿ ಹುಟ್ಟಿದವನೆಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು, ಅವನು ಒಲ್ಲೆನೆನ್ನುವಂತಿರಲಿಲ್ಲ. ಅವನು ಉಳಿಸಿದ ಊರಿನ ಬಾವಿಯಲ್ಲಿ ನೀರು ಸೇದುವ ಹಕ್ಕು ಎಷ್ಟೋ ಕಡೆ ಅವನಿಗೇ ಇರಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯದ ಹೊರೆಯನ್ನು ಕಾನೂನಿನಲ್ಲಿ ತೆಗೆಯಿತು. ಹುಟ್ಟಿನ ಕಾವಲುಗಾರ ಕಾಗದದಿಂದ ಮರೆಯಾದ ಅದೇ ಒಂದೆರಡು ವರ್ಷಗಳಲ್ಲಿ, ತಾನಾಗಿ ಅರ್ಜಿ ಹಾಕಿ ಸೇರುವ ಗೃಹರಕ್ಷಕ ಕಾಯ್ದೆಯ ಪುಟಕ್ಕೆ ಬಂದ. ಎರಡೂ ಬೇರೆ ಬೇರೆ ಕಾರಣಗಳಿಂದ ಆದದ್ದು. ಆದರೂ ಧರ್ಮದ ದೃಷ್ಟಿಯಿಂದ ಇದು ದೊಡ್ಡ ಪಲ್ಲಟ: ರಕ್ಷಣೆ ಜಾತಿಯ ಪಾಲಿಗೆ ಬಂದ ಕೆಲಸವಾಗಿದ್ದದ್ದು ಮನುಷ್ಯ ಆರಿಸಿಕೊಂಡ ವ್ರತವಾಯಿತು.

ಈ ಪಲ್ಲಟಕ್ಕೆ ಶಾಸ್ತ್ರದಲ್ಲೇ ಆಧಾರವುಂಟು. ಮಹಾಭಾರತದ ಶಾಂತಿಪರ್ವದಲ್ಲಿ ಯುಧಿಷ್ಠಿರ ಭೀಷ್ಮನನ್ನು ಒಂದು ಇಕ್ಕಟ್ಟಿನ ಪ್ರಶ್ನೆ ಕೇಳುತ್ತಾನೆ. ಕಾಯಬೇಕಾದ ಕ್ಷತ್ರಿಯ ಕಾಯದೆ ಹೋದಾಗ, ದಸ್ಯುಗಳ ಹಾವಳಿಯಲ್ಲಿ ಜನ ನರಳುವಾಗ, ಬೇರೆ ವರ್ಣದವನೊಬ್ಬ ಮುಂದೆ ಬಂದು ಜನರನ್ನು ಕಾಪಾಡಿದರೆ ಅದು ಸರಿಯೇ, ಅಥವಾ ಅವನನ್ನು ತಡೆಯಬೇಕೇ? ಭೀಷ್ಮನ ಉತ್ತರದಲ್ಲಿ ತಡವರಿಕೆಯಿಲ್ಲ. ದಡ ಕಾಣದವರಿಗೆ ದಡವಾದವನು, ದೋಣಿ ಇಲ್ಲದವರಿಗೆ ದೋಣಿಯಾದವನು ಶೂದ್ರನಾಗಿರಲಿ, ಮತ್ತೊಬ್ಬನಾಗಿರಲಿ, ಎಲ್ಲ ರೀತಿಯಿಂದಲೂ ಮಾನಕ್ಕೆ ಅರ್ಹನೆಂಬುದು ಅದರ ತಾತ್ಪರ್ಯ. ಕಾಯದ ರಾಜನಿಂದ ಪ್ರಯೋಜನವಿಲ್ಲವೆಂದೂ ಅವನು ಅಲ್ಲೇ ಸೇರಿಸುತ್ತಾನೆ. ಸ್ವಧರ್ಮದ ಬೇಲಿಯನ್ನು ಬೇರೆಡೆ ಗಟ್ಟಿಯಾಗಿ ಹಾಕಿದ ಗ್ರಂಥವೇ ಆಪತ್ತಿನ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಆಪದ್ಧರ್ಮವನ್ನು ಸಾಮಾನ್ಯವಾಗಿ ವಿನಾಯಿತಿಯ ನಿಯಮವೆಂದು ಹೇಳುವುದುಂಟು, ಎಂದರೆ ಕಷ್ಟಕಾಲದಲ್ಲಿ ಮಾಡಬಾರದ್ದನ್ನು ಮಾಡಲು ಅನುಮತಿ. ಇಲ್ಲಿ ಅದು ಅದಕ್ಕಿಂತ ದೊಡ್ಡದು: ಮಾಡಲು ಬಲ್ಲವನೇ ಆ ಹೊತ್ತಿಗೆ ಹಕ್ಕುದಾರ.

ಕೌಟಿಲ್ಯ ಇದನ್ನೇ ಮತ್ತೊಂದು ತುದಿಯಿಂದ ಹಿಡಿಯುತ್ತಾನೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಓಲೆಗರಿಯಿಂದ 1909ರಲ್ಲಿ ಅಚ್ಚಾಗಿ ಜಗತ್ತಿಗೆ ಗೊತ್ತಾದ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ದೈವಿಕ ವಿಪತ್ತುಗಳ ಅಧ್ಯಾಯವಿದೆ. ಬೆಂಕಿ, ನೀರು, ರೋಗ, ಬರ ಮೊದಲಾದ ಎಂಟನ್ನು ಅವನು ಪಟ್ಟಿ ಮಾಡುತ್ತಾನೆ. ಮಳೆಗಾಲದಲ್ಲಿ ಹೊಳೆದಂಡೆಯವರು ನೀರು ಏರುವ ಜಾಗ ಬಿಟ್ಟು ಇರಬೇಕು. ಮರದ ದಿಮ್ಮಿ, ಬಿದಿರು, ದೋಣಿ ಸಿದ್ಧವಾಗಿಟ್ಟುಕೊಳ್ಳಬೇಕು. ಕೊಚ್ಚಿಹೋಗುವವರನ್ನು ಸೋರೆಬುರುಡೆ, ತೊಗಲ ಚೀಲ, ಮರದ ಕಾಂಡ, ಹಗ್ಗಗಳಿಂದ ದಡ ಸೇರಿಸಬೇಕು. ಎತ್ತಲು ಹೋಗದವನಿಗೆ 12 ಪಣ ದಂಡ. ತೇಲುವ ಸಾಧನವೇ ಇಲ್ಲದವನಿಗೆ ದಂಡವಿಲ್ಲ. ಈ ಕಡೆಯ ಮಾತಿನಲ್ಲಿ ಇಡೀ ವಿಚಾರ ಅಡಗಿದೆ. ಹೊಣೆ ಸಾಧನವನ್ನು ಹಿಂಬಾಲಿಸುತ್ತದೆ. ದೋಣಿ ಇದ್ದವನಿಗೆ ಕರ್ತವ್ಯ, ಇಲ್ಲದವನಿಗೆ ಕ್ಷಮೆ. ಅಂದಮೇಲೆ ಗೃಹರಕ್ಷಕನಿಗೆ ಲೈಫ್ ಜಾಕೆಟ್ ಕೊಡದೆ, ಈಜು ಕಲಿಸದೆ ನೀರಿಗಿಳಿ ಎನ್ನುವ ಆಡಳಿತ ಅವನ ಮೇಲೆ ಹೊರಿಸುತ್ತಿರುವುದು ಕರ್ತವ್ಯವಲ್ಲ, ಅಪಾಯ ಮಾತ್ರ.

ಇತರ ಸಂಪ್ರದಾಯಗಳೂ ಇದೇ ನೆಲೆಗೆ ಬರುತ್ತವೆ. 17ನೆಯ ಶತಮಾನದ ಮಲಿಕ್ ರಿಹಾನ್‌ನ ಗೋರಿ ಇರುವ, ಮುಂದೆ 1687ರಿಂದ ಮೊಗಲ್ ಸುಬಾದ ರಾಜಧಾನಿಯಾಗಿದ್ದ ಶಿರಾದಲ್ಲಿ ಮುಸ್ಲಿಂ ಸಮುದಾಯದ ಬೇರು ಆಳವಾದುದು. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬುದು ಕುರಾನಿನ ಐದನೆಯ ಅಧ್ಯಾಯದ ಬೋಧೆ. ಪಾವಗಡದಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠರೋಗಿಗಳ ಆರೈಕೆ, ಕಣ್ಣಿನ ಚಿಕಿತ್ಸೆ, ಪರಿಹಾರ ಕಾರ್ಯಗಳನ್ನು ನಡೆಸಿಕೊಂಡು ಬಂದಿದೆ. ಜೀವನಲ್ಲಿ ಶಿವನನ್ನು ಕಂಡು ಸೇವಿಸಬೇಕೆಂಬ ರಾಮಕೃಷ್ಣ–ವಿವೇಕಾನಂದ ಪರಂಪರೆಯಲ್ಲಿ ನೊಂದವನು ಪೂಜ್ಯ, ಸೇವಕ ಅರ್ಚಕ. ಸಂನ್ಯಾಸಿಯ ಈ ದೃಷ್ಟಿಯಿಂದ ಸಮವಸ್ತ್ರದ ಪಡೆ ಕಲಿಯಬೇಕಾದದ್ದು ಒಂದಿದೆ. ನೆರೆಯಲ್ಲಿ ಮನೆ ಕಳೆದುಕೊಂಡು ಶಾಲೆಯ ಕೊಠಡಿಯಲ್ಲಿ ಮಲಗಿದ ಹೆಂಗಸನ್ನು ಲಾಠಿ ತೋರಿಸಿ ಸಾಲಿನಲ್ಲಿ ನಿಲ್ಲಿಸಿದರೆ ಕೊಟ್ಟ ಅನ್ನದ ಪುಣ್ಯವೂ ಉಳಿಯುವುದಿಲ್ಲ.

ಈಗ ಕಷ್ಟದ ಪ್ರಶ್ನೆ. ಗೃಹರಕ್ಷಕನಿಗೆ ಸಂಬಳವಿಲ್ಲ, ಕೆಲಸ ಮಾಡಿದ ದಿನಕ್ಕೆ ಕರ್ತವ್ಯ ಭತ್ಯೆಯುಂಟು. ಭತ್ಯೆ ಪಡೆದ ಸೇವೆ ನಿಷ್ಕಾಮವಾದೀತೇ? ಗೀತೆಯ ಪ್ರಕಾರ ಕಾಮನೆ ಇರುವುದು ಫಲದ ಮೇಲಿನ ಒಡೆತನದಲ್ಲಿ, ಬದುಕಲು ಬೇಕಾದ ಅನ್ನದಲ್ಲಲ್ಲ. ದೇಹ ನಡೆಯಲು ಬೇಕಾದಷ್ಟು ಕರ್ಮವನ್ನು ಮೂರನೆಯ ಅಧ್ಯಾಯವೇ ಒಪ್ಪುತ್ತದೆ, ಲೋಕಸಂಗ್ರಹಕ್ಕಾಗಿ ದುಡಿಯುವವನನ್ನು ಅದು ಕೊಂಡಾಡುತ್ತದೆ. ಶರಣರ ಕಾಯಕ ತತ್ತ್ವ ಇನ್ನೂ ನೇರ: ದುಡಿಮೆಗೆ ಪ್ರತಿಫಲ ಪಡೆಯುವುದು ಸಹಜ, ಮಿಕ್ಕದ್ದು ದಾಸೋಹಕ್ಕೆ ಸಲ್ಲಬೇಕು. ಹಾಗಾಗಿ ಭತ್ಯೆಯಿಂದ ವ್ರತಭಂಗವಾಗುವುದಿಲ್ಲ. ತೊಡಕು ಬೇರೆಡೆ ಇದೆ.

ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ಸು ಮಾಡಿಸಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ದುಡಿಯುವವರ ಸಂಯಮವನ್ನು ಹೊಗಳಲು ಅದನ್ನು ಹೇಳುತ್ತಾರೆ. ದುಡಿಸಿಕೊಳ್ಳುವವರು ಹೇಳಿದಾಗ ಅದೇ ಕಥೆ ಕ್ರೂರವಾಗುತ್ತದೆ. ಲಕ್ಕಮ್ಮ ತನ್ನ ಮನೆಯ ಅಕ್ಕಿಯನ್ನು ತಾನೇ ಅಳೆದಳು, ಇನ್ನೊಬ್ಬರ ಮನೆಯದನ್ನಲ್ಲ. ನಿಷ್ಕಾಮ ಎಂಬುದು ಸೇವೆ ಮಾಡುವವನು ತನ್ನ ಮೇಲೆ ಹಾಕಿಕೊಳ್ಳುವ ನಿಯಮ. ಸೇವೆ ಪಡೆಯುವ ಸಮಾಜವಾಗಲಿ, ಸರ್ಕಾರವಾಗಲಿ ಅದನ್ನು ತನ್ನ ರಿಯಾಯಿತಿಯೆಂದು ಬಳಸಿಕೊಂಡ ಕೂಡಲೇ ಅಲ್ಲಿ ಕಾಮನೆ ಬಂದಾಯಿತು, ಆ ಕಾಮನೆ ಪಡೆಯುವವನದು. ಹಿಮಾಚಲ ಪ್ರದೇಶದ ಗೃಹರಕ್ಷಕರ ಪ್ರಕರಣದಲ್ಲಿ 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ವಿವೇಕಕ್ಕೆ ಹತ್ತಿರವಾಗಿದೆ. ಗೃಹರಕ್ಷಕರು ಸ್ವಯಂಸೇವಕರು, ಕಾಯಂ ನೌಕರಿ ಕೇಳುವಂತಿಲ್ಲ ಎಂದು ಅದು ಒಪ್ಪಿತು. ಆದರೆ 30 ದಿನಗಳ ಭತ್ಯೆ ಕೂಡಿಸಿದರೆ ರಾಜ್ಯದ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾಗುವ ದರದಲ್ಲಿ ಭತ್ಯೆ ಕೊಡಬೇಕೆಂದೂ ಹೇಳಿತು. ಇಷ್ಟಾದರೂ ಮೂಲ ತೊಂದರೆ ಉಳಿಯುತ್ತದೆ: ಕರೆ ಬಂದ ದಿನಕ್ಕಷ್ಟೇ ಭತ್ಯೆ. ಕರೆ ಬಾರದ ತಿಂಗಳು ಮಗ್ಗಕ್ಕೋ ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗುವವನು ಆಪತ್ತಿನ ದಿನ ತನ್ನ ಕೂಲಿ ಬಿಟ್ಟು ಬರಬೇಕು. ಕರ್ತವ್ಯದಲ್ಲಿ ಗಾಯಗೊಂಡರೆ, ಸತ್ತರೆ, ಮನೆಯವರ ಪಾಡನ್ನು ಊರು ನೋಡಿಕೊಳ್ಳುತ್ತದೆಂಬ ಭರವಸೆ ಅವನಿಗೆ ಮೊದಲೇ ಇರಬೇಕು. ನೆತ್ತರುಗೊಡಗೆ ಕೊಟ್ಟ ಕಾಲದವರು ಇದನ್ನು ಅರಿತಿದ್ದರು.

ಮೀಸಲು ಪಡೆಯ ಬಲ ಯಾವುದೆಂದು ತಿಳಿಯಲು ಕೆರೆಯ ಏರಿಯ ಮೇಲೆ ನಿಂತರೆ ಸಾಕು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿ ಸೇರುತ್ತದೆ. ಎಷ್ಟೋ ವರ್ಷ ಬರೀ ಮರಳಾಗಿ ಮಲಗಿರುವ ಈ ಹೊಳೆ 2022ರ ಮಳೆಗಾಲದಲ್ಲಿ ತುಂಬಿ ಹರಿಯಿತು. ಕೆರೆಗಳು ಕೋಡಿ ಬಿದ್ದವು. ಅಂಥ ರಾತ್ರಿ ಅಪಾಯ ಮೊದಲು ಕಾಣುವುದು ಏರಿಯ ಹಿಂಬದಿಯಲ್ಲಿ, ಏಡಿ ಬಿಲದಷ್ಟು ಸಣ್ಣ ತೂತಿನಲ್ಲಿ. ಸೋರುವ ನೀರು ತಿಳಿಯಾಗಿದ್ದರೆ ಕಾದು ನೋಡಬಹುದು. ಕೆಂಪಾಗಿ, ಮಣ್ಣು ಕೂಡಿಕೊಂಡು ಬಂದರೆ ಏರಿಯ ಒಡಲು ಒಳಗಿಂದೊಳಗೇ ಕರಗುತ್ತಿದೆ ಎಂದರ್ಥ. ಗಾಬರಿಯಲ್ಲಿ ತೂತಿನ ಬಾಯಿಗೆ ಮಣ್ಣು ತುರುಕಿದರೆ ನೀರು ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಅದರ ಸುತ್ತ ಮರಳಿನ ಚೀಲಗಳ ಕಟ್ಟೆ ಕಟ್ಟಿ, ಹೊರಬಂದ ನೀರು ಅಲ್ಲೇ ಮಟ್ಟ ಏರಿ ಒಳಗಿನ ಒತ್ತಡಕ್ಕೆ ಎದುರಾಗುವಂತೆ ಮಾಡಬೇಕು, ತೂಬು ಎತ್ತಬೇಕು, ಕೋಡಿಯಲ್ಲಿ ಬೆಳೆದ ಜಾಲಿ ಕಡಿದು ದಾರಿ ಬಿಡಿಸಬೇಕು, ಅಷ್ಟರಲ್ಲಿ ಕೆಳಗಿನ ಊರಿನ ತಗ್ಗಿನ ಕೇರಿಯವರನ್ನು ಎಬ್ಬಿಸಿ ದಿಣ್ಣೆಗೆ ಕಳಿಸಬೇಕು. ಇದಕ್ಕೆ ಹತ್ತಿಪ್ಪತ್ತು ಜನ, ನೂರಾರು ಚೀಲ, ಟಾರ್ಚು, ಎಲ್ಲಕ್ಕಿಂತ ಹೆಚ್ಚಾಗಿ ಯಾರ ಮನೆಯಲ್ಲಿ ನಡೆಯಲಾಗದ ಮುದುಕರಿದ್ದಾರೆಂದು ಬಲ್ಲವರು ಬೇಕು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ನುರಿತ ತಂಡ ದೂರದಿಂದ ಬರುವ ಹೊತ್ತಿಗೆ ಈ ಕೆಲಸ ಮುಗಿದಿರಬೇಕು, ಇಲ್ಲವೇ ಏರಿ ಹೋಗಿರುತ್ತದೆ.

ತಜ್ಞ ಸೈನ್ಯಕ್ಕೆ ಬೇರೆ ಸ್ಥಾನವಿದೆ, ಅದನ್ನು ಯಾರೂ ತುಂಬಲಾರರು. 2024ರ ಜುಲೈ 30ರ ವಯನಾಡು ಭೂಕುಸಿತದ ಬಳಿಕ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಚೂರಲ್‌ಮಲದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಸುಮಾರು ಒಂದೂವರೆ ದಿನದಲ್ಲಿ ಕಟ್ಟಿದರು. ಪ್ರಾದೇಶಿಕ ಸೇನೆಯ 122ನೆಯ ಬೆಟಾಲಿಯನ್ ಅಲ್ಲಿ ಹುಡುಕಾಟದಲ್ಲಿ ತೊಡಗಿತ್ತು. ಅಂಥ ಸೇತುವೆಯನ್ನು ತಾಲ್ಲೂಕಿನ ದಳ ಕಟ್ಟಲಾರದು, ಕಟ್ಟಬೇಕಾಗಿಯೂ ಇಲ್ಲ.

ಸೈನ್ಯದ ಭಾಷೆಯನ್ನು ಪೂರ್ತಿಯಾಗಿ ಎರವಲು ತರುವುದರಲ್ಲಿ ಇನ್ನೊಂದು ಎಡವಟ್ಟಿದೆ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1910ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಯುದ್ಧದ ಶಿಸ್ತು, ತ್ಯಾಗಗಳನ್ನು ಉಳಿಸಿಕೊಂಡು ಯುದ್ಧವನ್ನು ಬಿಡಬೇಕೆಂದ. ಯುವಕರನ್ನು ಪ್ರಕೃತಿಯ ವಿರುದ್ಧದ ಸೇನೆಯಾಗಿ ಕಳಿಸಬೇಕೆಂಬುದು ಅವನ ಸಲಹೆ. ಸಲಹೆಯ ಮೊದಲರ್ಧ ಚಿನ್ನ. ಎರಡನೆಯದು ಮಧುಗಿರಿ ಸೀಮೆಗೆ ಹೊಂದುವುದಿಲ್ಲ. ಅಲ್ಲಿ ಕೆರೆ ತುಂಬಿದರೆ ಜನ ಬಾಗಿನ ಕೊಟ್ಟು ಗಂಗೆಪೂಜೆ ಮಾಡುತ್ತಾರೆ. ಏರಿ ಒಡೆಯುವ ನೀರೂ ಅದೇ ಗಂಗೆ. ದಂಡಿನ ಹೆಸರು ಹೊತ್ತ ಮಾರಮ್ಮನ ಮುಂದೆಯೂ ಮಧುಗಿರಿಯ ಜನ ಕೈಮುಗಿಯುವುದು ಬೇನೆ ಬಾರದಿರಲಿ, ಮಳೆ ಬೆಳೆ ಆಗಲಿ ಎಂದು. ನೀರನ್ನು ಶತ್ರುವೆಂದು ಕಂಡ ಪಡೆ ಕೋಡಿಯ ಹಾದಿಯಲ್ಲಿ ಎದ್ದ ಕಟ್ಟಡಗಳನ್ನು ನೋಡುವುದೇ ಇಲ್ಲ.

ನಿಧಾನವಾಗಿ ಬರುವ ಆಪತ್ತಿನ ಮುಂದೆ ಇಂಥ ಪಡೆ ಬಹುಮಟ್ಟಿಗೆ ಅಸಹಾಯಕ. 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ ಹತ್ತಿರ ಹತ್ತಿರ 10 ಲಕ್ಷ ಮಂದಿ ತೀರಿಕೊಂಡರು. ಆಗ ಬೇಕಿದ್ದದ್ದು ಧಾನ್ಯ ಮತ್ತು ಕೆಲಸ. ಪಾವಗಡದ ಬರ, ಕುಡಿಯುವ ನೀರಿನ ಫ್ಲೋರೈಡ್ ಇವತ್ತಿಗೂ ಸಮವಸ್ತ್ರದಿಂದ ಪರಿಹಾರವಾಗುವಂಥವಲ್ಲ.

ಉಳಿದದ್ದು ಆಯುಧದ ಪ್ರಶ್ನೆ. 1962ರ ಫೆಬ್ರವರಿಯಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಸಮುದ್ರದ ನೆರೆಗೆ ಸಿಕ್ಕಿ 315 ಜನ ಸತ್ತರು. ಅಲ್ಲಿನ ಪೊಲೀಸ್ ಸಚಿವ ಹೆಲ್ಮುಟ್ ಶ್ಮಿಟ್ ಸಂವಿಧಾನದಲ್ಲಿ ಸ್ಪಷ್ಟ ಅವಕಾಶ ಇಲ್ಲದಿದ್ದರೂ ಸೈನ್ಯವನ್ನು ಕರೆಸಿ ಸಾವಿರಾರು ಜನರನ್ನು ಉಳಿಸಿದರು. ಭೀಷ್ಮ ಅದನ್ನು ಒಪ್ಪುತ್ತಿದ್ದ. ಜರ್ಮನರು ಮಾತ್ರ ಅಷ್ಟಕ್ಕೇ ಬಿಡದೆ 1968ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು, ವಿಪತ್ತಿನಲ್ಲಿ ಸೈನ್ಯ ಯಾವಾಗ ಬರಬಹುದೆಂದು ಬರೆದಿಟ್ಟರು. ಇನ್ನೊಂದು ಬದಿಯಲ್ಲಿ, ನೆರೆ ಚಂಡಮಾರುತಗಳಲ್ಲಿ ಅಮೆರಿಕದ ಜನರನ್ನು ಕಾಪಾಡುವ ನ್ಯಾಷನಲ್ ಗಾರ್ಡ್‌ನವರೇ 1970ರ ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದರು. ಒಂದೇ ಸಮವಸ್ತ್ರ, ಎರಡು ಬಗೆಯ ಆಜ್ಞೆ. ಪಾವಗಡ ತಾಲ್ಲೂಕಿನ ಜನರಿಗೆ ಸಶಸ್ತ್ರ ಪಡೆಯ ಇರುವಿಕೆ ಎಂಥದೆಂದು ಗೊತ್ತು. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯ ರಾಜ್ಯ ಮೀಸಲು ಪೊಲೀಸ್ ಶಿಬಿರದ ಮೇಲೆ ನಕ್ಸಲರ ದಾಳಿ ನಡೆದು ಪೊಲೀಸರು ಪ್ರಾಣ ಕಳೆದುಕೊಂಡರು. ಅಂಥ ನೆನಪಿರುವ ಕಡೆ ಬಂದೂಕಿನೊಡನೆ ಬಂದ ರಕ್ಷಕನನ್ನು ಜನ ನಂಬಲು ತಡವಾಗುತ್ತದೆ. ರಕ್ಷಣೆಯ ದಿನ ಪಡೆ ನಿರಾಯುಧವಾಗಿ ಬರಬೇಕು, ನಾಗರಿಕ ಅಧಿಕಾರದ ಕೆಳಗೆ ನಿಲ್ಲಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲೆಯ ಹೊಣೆಯನ್ನು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಟ್ಟಿರುವುದು ಈ ದೃಷ್ಟಿಯಿಂದ ಸರಿಯಾದ ನಿರ್ಣಯ. ಪೌರರಕ್ಷಣಾ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ ವಿಪತ್ತು ನಿರ್ವಹಣೆಯನ್ನೂ ಅದರ ವ್ಯಾಪ್ತಿಗೆ ಸೇರಿಸಿದೆ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಪಡೆಯನ್ನು ಬಲಪಡಿಸುವುದೆಂದರೆ ಆಗಬೇಕಾದ ಕೆಲಸ ಇಷ್ಟು: ಪ್ರತಿ ಘಟಕದಲ್ಲಿ ಈಜು ಬಲ್ಲವರ ತಂಡ, ಕೆರೆಗಳ ಏರಿ ತೂಬುಗಳ ಪರಿಚಯ, ಹಿಂದೆ ನೀರಗಂಟಿ ಕೆಲಸ ಮಾಡಿದ ಮನೆತನಗಳ ಅರಿವನ್ನು ಗೌರವದಿಂದ ಕೇಳಿ ದಾಖಲಿಸುವುದು, ಎಲ್ಲ ಕೇರಿಗಳ ಗಂಡಸರೂ ಹೆಂಗಸರೂ ದಳದಲ್ಲಿರುವಂತೆ ನೋಡಿಕೊಳ್ಳುವುದು, ಕರೆ ಬಾರದ ಕಾಲದಲ್ಲೂ ತರಬೇತಿಯ ದಿನಕ್ಕೆ ನ್ಯಾಯವಾದ ಭತ್ಯೆ. ಏರಿಯ ಮೇಲೆ ನಿಲ್ಲುವ ಕೆಲಸ ಮತ್ತೆ ಒಂದೇ ಕೇರಿಯ ಪಾಲಿಗೆ ಜಾರಿದರೆ 1963ರಲ್ಲಿ ತೆಗೆದ ಹೊರೆ ಬೇರೆ ಹೆಸರಿನಲ್ಲಿ ಮರಳಿದಂತೆ.

ಪಾವಗಡಕ್ಕೆ ಇದಕ್ಕಿಂತ ಹೆಚ್ಚಿನದೊಂದು ಬೇಕು. ತಾಲ್ಲೂಕಿನ ಬಹುಪಾಲು ಗಡಿ ಆಂಧ್ರಪ್ರದೇಶದೊಡನೆ. ಮನೆಮಾತು ಎಷ್ಟೋ ಕಡೆ ತೆಲುಗು. ಕೊರಟಗೆರೆ, ಮಧುಗಿರಿಗಳಲ್ಲಿ ಬಿದ್ದ ಮಳೆ ಜಯಮಂಗಲಿಯಲ್ಲಿ ಹರಿದು ಆಂಧ್ರದ ನೆಲದಲ್ಲಿ ಪಿನಾಕಿನಿ ಸೇರಿ, ಮತ್ತೆ ನಾಗಲಮಡಿಕೆಯ ಬಳಿ ಪಾವಗಡ ತಾಲ್ಲೂಕಿಗೆ ಬರುತ್ತದೆ. ಮೇಲಿನವರು ಕಂಡ ನೀರು ಕೆಳಗಿನವರನ್ನು ಮುಟ್ಟುವ ಮೊದಲು ಎರಡು ರಾಜ್ಯಗಳ ಗಡಿ ದಾಟಿರುತ್ತದೆ. ಚುನಾವಣೆಯ ಬಂದೋಬಸ್ತಿಗೆ ಕರ್ನಾಟಕದ ಗೃಹರಕ್ಷಕರನ್ನು ನೆರೆರಾಜ್ಯಗಳಿಗೆ ಕಳಿಸುವ ರೂಢಿ ಈಗಾಗಲೇ ಇದೆ. ಮತಗಟ್ಟೆ ಕಾಯಲು ಗಡಿ ದಾಟಬಲ್ಲವರು ನೆರೆಯ ರಾತ್ರಿ ಹಿಂದೂಪುರ, ಮಡಕಶಿರಾ ಕಡೆಯ ದಳದವರೊಡನೆ ಫೋನಿನಲ್ಲಿ ಮಾತಾಡಿ, ಅಗತ್ಯ ಬಿದ್ದರೆ ಆಚೆ ದಂಡೆಗೂ ಇಳಿಯುವಂತೆ ಎರಡು ಸರ್ಕಾರಗಳು ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಬೇಕು. ಆ ಒಪ್ಪಂದ ಮಳೆಗಾಲಕ್ಕೆ ಮುಂಚೆಯೇ ಎರಡೂ ಕಡೆಯ ತಹಶೀಲ್ದಾರರ ಕೈಯಲ್ಲಿರಬೇಕು.